ಲಲಿತಕ್ಕನ ಗಾಡಿಗೆ ಕೂರಿಸಿದ ಮೋಟಾರು

ಹೋದ ತಿಂಗಳು ಒಂದು ಭಾನುವಾರ, ಹಾಡಹಗಲಲ್ಲಿ, ರಸ್ತೆಯ ನಡುವೆ ನಿಂತು ನಾನು ಒಂದು ಮೋಟಾರಿಗೆ ಕೈ ಮುಗಿದೆ.

ನಗಬೇಡಿ. ದೇವಸ್ಥಾನದಲ್ಲೂ ನಾನು ಅಷ್ಟು ಮನಸ್ಸಿಟ್ಟು ಕೈ ಮುಗಿದವನಲ್ಲ. ಸಾಗರದಲ್ಲಿ ಫೋಟೊ ಸ್ಟುಡಿಯೋ ಇಟ್ಟುಕೊಂಡು, ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮ್ಮ ತಲೆ ತಿನ್ನುವ ಈ ಮನುಷ್ಯನಿಗೆ ಅಂಥ ಗತಿ ಯಾಕೆ ಬಂತು ಅಂತ ಹೇಳುತ್ತೇನೆ.

ನನಗೊಬ್ಬಳು ಅಕ್ಕ ಇದ್ದಾಳೆ, ಲಲಿತಕ್ಕ. ಚಿಕ್ಕವಳಿದ್ದಾಗ ಜ್ವರ ಬಂದು ಎರಡೂ ಕಾಲಿನ ಬಲ ಹೋಯಿತು. ಪೋಲಿಯೊ ಅನ್ನುವ ಹೆಸರು ನಮ್ಮ ಮನೆಗೆ ಗೊತ್ತಾಗಿದ್ದು ಆಮೇಲೆ. ಆದರೆ ಓದಿದಳು, ಟಿ.ಸಿ.ಎಚ್. ಮುಗಿಸಿದಳು, ತೀರ್ಥಹಳ್ಳಿ ಹತ್ತಿರದ ಒಂದು ಶಾಲೆಯಲ್ಲಿ (ಹೆಸರು ಬೇಡ) ಒಂದನೇ ಕ್ಲಾಸಿನ ಟೀಚರ್ ಆದಳು. ಶಾಲೆಯ ಹತ್ತಿರವೇ ಬಾಡಿಗೆ ಮನೆ. ಕೈಯಲ್ಲಿ ತಿರುಗಿಸಿಕೊಂಡು ಹೋಗುವ ಮೂರು ಚಕ್ರದ ಸೈಕಲ್ಲು. ಅಡುಗೆ, ಬಟ್ಟೆ, ಪೇಟೆ, ಎಲ್ಲ ಅವಳದೇ. ಯಾರಾದರೂ ‘ಪಾಪ’ ಅಂದರೆ ಮುಗಿಯಿತು. ಅವರ ಕಥೆ ಪಾಪ!

ಒಂದನೇ ಕ್ಲಾಸು ಅಂದರೆ ಅವಳಿಗೆ ಪ್ರಾಣ. ಅಳುತ್ತಾ ಬರುವ ಮಕ್ಕಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಅಂಗಳದಲ್ಲಿ ಒಂದು ರೌಂಡು ಹೊಡೆಸುತ್ತಿದ್ದಳು. ಅಳು ನಿಲ್ಲುತ್ತಿತ್ತು. ಮಾರನೇ ದಿನ ಅಳದ ಮಕ್ಕಳೂ ಅಳುತ್ತಾ ಬರುತ್ತಿದ್ದವು.

ಹೀಗಿರುವಾಗ ಶಾಲೆಗೆ ಹೊಸ ಕಟ್ಟಡ ಬಂತು. ಹಳೆಯದು ರಸ್ತೆ ಬದಿಯಲ್ಲಿ ಸಮತಟ್ಟು ಜಾಗದಲ್ಲಿತ್ತು. ಹೊಸದು ಗುಡ್ಡದ ನೆತ್ತಿಯ ಮೇಲೆ. ಜಾಗ ಪುಕ್ಕಟೆ ಸಿಕ್ಕಿತಂತೆ. ಗಾಳಿ ಬೆಳಕು ಚೆನ್ನಾಗಿದೆಯಂತೆ. ಉದ್ಘಾಟನೆಗೆ ಬಂದವರೆಲ್ಲ ಜೀಪಿನಲ್ಲಿ ಹತ್ತಿ, ಜೀಪಿನಲ್ಲಿ ಇಳಿದರು. ಕೈಯಲ್ಲಿ ಸೈಕಲ್ ತಿರುಗಿಸುವ ಟೀಚರ್ ಒಬ್ಬಳು ದಿನಾ ಇದನ್ನು ಹತ್ತಬೇಕಲ್ಲ ಎಂದು ಯಾರಿಗಾದರೂ ಹೊಳೆಯಿತೇ? ಹೊಳೆದಿದ್ದರೆ ನಾನು ಇವತ್ತು ಬೇರೆ ಏನಾದರೂ ಬರೆಯುತ್ತಿದ್ದೆ.

ಮೊದಮೊದಲು ದೊಡ್ಡ ಕ್ಲಾಸಿನ ಮಕ್ಕಳು ತಳ್ಳಿದರು. ಲಲಿತಕ್ಕನಿಗೆ ಅದು ಸುತರಾಂ ಇಷ್ಟವಿರಲಿಲ್ಲ. “ಗಾಡಿ ತಳ್ಳೋಕೆ ಶಾಲೆಗೆ ಕಳಿಸಿದ್ದಾರಾ ಅವನ್ನ?” ಅನ್ನುತ್ತಿದ್ದಳು. ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕೆಸರಿನಲ್ಲಿ ಚಕ್ರ ಜಾರಿತು. ಗಾಡಿ ಹಿಂದಕ್ಕೆ ಬಂತು. ತಳ್ಳುತ್ತಿದ್ದ ಹುಡುಗಿಯೊಬ್ಬಳ ಕೈ ಮುರಿಯಿತು. ಹುಡುಗಿಯ ತಾಯಿ ಬೈಯಲಿಲ್ಲ. ಅಕ್ಕನಿಗೇ ಬಿಸಿ ನೀರು ಕೊಟ್ಟು ಸಮಾಧಾನ ಮಾಡಿದಳಂತೆ. ಅವತ್ತಿನಿಂದ ಅಕ್ಕ ಯಾರಿಗೂ ಗಾಡಿ ಮುಟ್ಟಲು ಬಿಡಲಿಲ್ಲ. ರಜೆ ಹಾಕಿ ಮನೆಯಲ್ಲಿ ಕೂತಳು.

ನಾನು ಆ ಮೋಟಾರಿನ ಕಿಟ್ ನೋಡಿದ್ದು ಆಗಲೇ.

ಶಿವಮೊಗ್ಗದಲ್ಲೊಂದು ವಸ್ತುಪ್ರದರ್ಶನ. ಒಂದು ಸ್ಟಾಲಿನಲ್ಲಿ ಸೈಕಲ್ಲಿಗೆ ಮೋಟಾರು ಕೂರಿಸಿ ಓಡಿಸಿ ತೋರಿಸುತ್ತಿದ್ದರು. ಪೆಟ್ರೋಲು ಬೇಡ, ಹೊಗೆ ಇಲ್ಲ, ಬ್ಯಾಟರಿ ಸಾಕು. ಮೋಟಾರಿನ ಮೂತಿಗೆ ರಬ್ಬರಿನ ಒಂದು ಉರುಳೆ. ಅದು ಟೈರಿಗೆ ಒತ್ತಿಕೊಂಡು ತಿರುಗಿದರೆ ಚಕ್ರವೂ ತಿರುಗುತ್ತದೆ. ಇಷ್ಟೇ. “ಏರು ಹತ್ತತ್ತಾ?” ಕೇಳಿದೆ. “ಆನೆ ಹತ್ತಿಸತ್ತೆ ಸಾರ್” ಅಂದ ಸೇಲ್ಸ್‌ಮನ್. (ಆನೆಗೆ ಯಾಕಪ್ಪಾ ಮೋಟಾರು ಎಂದು ಕೇಳುವ ಬುದ್ಧಿ ನನಗೆ ಆಗ ಬರಲಿಲ್ಲ.)

ಕಿಟ್ ತಗೊಂಡು ಅಕ್ಕನ ಮನೆಗೆ ಹೋದೆ. ತೀರ್ಥಹಳ್ಳಿಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯ ಮಂಜಪ್ಪನೂ ಬಂದ. ಇಬ್ಬರೂ ಸೇರಿ ಕ್ಲ್ಯಾಂಪ್ ಬಿಗಿದು, ವೈರು ಎಳೆದು, ಸೀಟಿನ ಕೆಳಗೆ ಕಾರಿನ ಬ್ಯಾಟರಿ ಕಟ್ಟಿದೆವು. ಅಕ್ಕ ಹೊಸ ಸೀರೆ ಉಟ್ಟು ಕೂತಿದ್ದಳು. ಸ್ವಿಚ್ ಒತ್ತಿದಳು.

ಟಿಕ್.

ಅಷ್ಟೇ. ಸ್ವಿಚ್ಚಿನ ಡಬ್ಬಿ ಟಿಕ್ ಅಂದಿತು. ಮೋಟಾರು ಉಸಿರೆತ್ತಲಿಲ್ಲ.

ಇಲ್ಲಿಂದ ಶುರುವಾಯಿತು ನಮ್ಮ ಭಾನುವಾರಗಳ ಕಥೆ. ಬ್ಯಾಟರಿ ಸತ್ತಿದೆಯೇ? ಸ್ಕೂಟರಿನ ಬಲ್ಬು ಹಚ್ಚಿ ನೋಡಿದೆವು, ಜಗ್ಗನೆ ಉರಿಯಿತು. ಫ್ಯೂಸು? ಸರಿ ಇದೆ. ಸ್ವಿಚ್ಚು? ಅದನ್ನು ಬಿಟ್ಟು ವೈರನ್ನು ನೇರ ಮೋಟಾರಿಗೇ ಮುಟ್ಟಿಸಿದೆವು. ವೈರು ಒಂದಕ್ಕೊಂದು ತಾಗಿ ಕಿಡಿ ಹಾರಿತು, ಮಂಜಪ್ಪನೂ ಹಾರಿದ, ಮೋಟಾರು ಮಾತ್ರ ಹಾಗೇ ಇತ್ತು. ಕಂಪನಿಗೆ ಬರೆದರೆ ಒಂದು ಕಾರ್ಡು ಬಂತು: ಬ್ಯಾಟರಿ ಚಾರ್ಜ್ ಆಗಿದೆಯೇ ಎಂದು ಪರೀಕ್ಷಿಸಿ.

ಚಾರ್ಜ್! ಜೋಗದಲ್ಲಿ ಹುಟ್ಟುವ ಕರೆಂಟು ನಮ್ಮ ತಲೆಯ ಮೇಲಿನ ತಂತಿಗಳಲ್ಲಿ ಎಲ್ಲೆಲ್ಲಿಗೋ ಹೋಗುತ್ತದೆ. ಅಕ್ಕನ ಊರಿನ ಕಡೆಯ ಬಲ್ಬುಗಳು ಸಂಜೆಯಾದರೆ ಕೆಂಪಗೆ ಕಣ್ಣು ಬಿಡುತ್ತವೆ. ತೀರ್ಥಹಳ್ಳಿಯಲ್ಲಿ ಪೂರ್ತಿ ಚಾರ್ಜ್ ಆಗಲಿಲ್ಲ ಅಂತ ಸಾಗರಕ್ಕೆ ಒಯ್ದು ಚಾರ್ಜ್ ಮಾಡಿಸಿ, ಹೊಸನಗರದಲ್ಲಿ ಬಸ್ಸು ಬದಲಿಸಿ ವಾಪಸು ತರುತ್ತಿದ್ದೆ. ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು. “ಎಂತ ಮಾರಾಯ್ರೆ, ಆಸಿಡ್ ಚೆಲ್ಲಿ ನನ್ನ ಬಸ್ ತೂತು ಮಾಡ್ತೀರಾ?” ಅಂದ ಕಂಡಕ್ಟರು. ಬಸ್ಸಿಗೆ ಏನೂ ಆಗಲಿಲ್ಲ. ನನ್ನ ಪ್ಯಾಂಟು ತೂತಾಯಿತು.

ಕೊನೆಗೆ ಮೋಟಾರನ್ನೇ ಬಿಚ್ಚಿದೆವು. ಒಳಗೆ ಕಾರ್ಬನ್ ಬ್ರಷ್ ಅಂತ ಎರಡು ಸಣ್ಣ ತುಂಡು ಇರುತ್ತವೆ. ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವುದು ಅವೇ. ಒಂದು ಬ್ರಷ್ ತನ್ನ ಗೂಡಿನಲ್ಲೇ ಸಿಕ್ಕಿಹಾಕಿಕೊಂಡು ಕೂತಿತ್ತು. ಮಂಜಪ್ಪ ಅದನ್ನು ಉಪ್ಪುಕಾಗದದಲ್ಲಿ ತಿಕ್ಕಿ, ಸ್ಪ್ರಿಂಗ್ ಸರಿ ಮಾಡಿ ಕೂರಿಸಿದ. ಗಾಡಿಯ ಹಿಂಭಾಗ ಎತ್ತಿ ಹಿಡಿದು ಸ್ವಿಚ್ ಹಾಕಿದೆವು.

ಚಕ್ರ ಗಿರ್ರನೆ ತಿರುಗಿತು!

ಲಲಿತಕ್ಕ ಚಪ್ಪಾಳೆ ತಟ್ಟಿದಳು. ಮಂಜಪ್ಪನಂತೂ ತಾನೇ ಮೋಟಾರು ಕಂಡುಹಿಡಿದವನ ಹಾಗೆ ಬೀಡಿ ಹಚ್ಚಿದ. ಗಾಡಿ ನೆಲಕ್ಕೆ ಇಳಿಸಿದೆವು. ಅಕ್ಕ ಹತ್ತಿ ಕೂತಳು. ಸ್ವಿಚ್ ಹಾಕಿದಳು. ಮೋಟಾರು ಹೂಂ ಎಂದು ನರಳಿ ನಿಂತಿತು. ಎತ್ತಿ ಹಿಡಿದರೆ ತಿರುಗುತ್ತದೆ, ಮನುಷ್ಯರು ಕೂತರೆ ಇಲ್ಲ.

ವೈರು ತೆಳುವಾಯಿತು ಅಂದ ಮಂಜಪ್ಪ. ದಪ್ಪ ವೈರು ಹಾಕಿದೆವು. ಉರುಳೆ ಹೆಚ್ಚು ಒತ್ತುತ್ತಿದೆ ಅಂದೆ ನಾನು. ಸಡಿಲ ಮಾಡಿದೆವು. ಹೊಸ ಬ್ಯಾಟರಿಯೂ ಬಂತು. ಇದರ ಮಧ್ಯೆ ಅಕ್ಕನ ರಜೆ ಮುಗಿಯುತ್ತಾ ಬಂತು. ಅವಳ ಒಂದನೇ ಕ್ಲಾಸನ್ನು ಎರಡನೇ ಕ್ಲಾಸಿನ ಜೊತೆ ಕೂರಿಸಿದ್ದರು. ಪ್ರತಿ ಭಾನುವಾರ ಹೊರಡುವಾಗ ಅಕ್ಕ ಕೇಳುತ್ತಿದ್ದಳು: “ಆಗ್ತದಲ್ಲೋ?”

“ಆಗತ್ತೆ ಅಕ್ಕ. ಇನ್ನು ಸ್ವಲ್ಪವೇ ಬಾಕಿ” ಅನ್ನುತ್ತಿದ್ದೆ.

ಆ ಕೊನೆಯ ಭಾನುವಾರಕ್ಕೆ ಬರುತ್ತೇನೆ. ಅವತ್ತು ಗಾಡಿ ಓಡಿತು. ನಿಜವಾಗಿಯೂ ಓಡಿತು. ಸಮತಟ್ಟು ರಸ್ತೆಯಲ್ಲಿ ಅಕ್ಕ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಹೋಗುತ್ತಿದ್ದಳು. ಹುಟ್ಟಿದಾಗಿನಿಂದ ಅವಳನ್ನು ನೋಡಿದ್ದೇನೆ, ಎಲ್ಲಿಗಾದರೂ ಹೋಗುವಾಗ ಅವಳ ಕೈ ಸುಮ್ಮನೆ ಇದ್ದಿದ್ದನ್ನು ನೋಡಿರಲಿಲ್ಲ. ಹಿಂದೆ ಓಡುತ್ತಿದ್ದ ನಮ್ಮ ಕಡೆ ತಿರುಗಿ, “ಬೇಗ ಬನ್ರೋ, ಎಂತ ನಿಧಾನ ನಿಮ್ದು!” ಅಂತ ಕೂಗಿದಳು.

ಏರು ಶುರುವಾಯಿತು. ಗಾಡಿ ನಿಧಾನವಾಯಿತು. ಮೋಟಾರಿನ ಸದ್ದು ದಪ್ಪವಾಯಿತು. ಇನ್ನೂ ಸ್ವಲ್ಪ ಎಳೆಯಿತು. ಮತ್ತೆ ನಿಂತುಬಿಟ್ಟಿತು. ಆಗಲೇ ನಾನು ಕೈ ಮುಗಿದಿದ್ದು. ಒಂದೇ ಒಂದು ಸಲ ಹತ್ತಿಸಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ ಅಂತ. ಅದಕ್ಕೆ ಕಾಲಿಲ್ಲ ಅನ್ನುವುದೂ ಮರೆತಿತ್ತು.

ಸುಟ್ಟ ವಾಸನೆ ಬಂತು. ಸೀಟಿನ ಹಿಂದಿನಿಂದ ಕಪ್ಪು ಹೊಗೆ. ಗಾಡಿ ಹಿಂದಕ್ಕೆ ಉರುಳತೊಡಗಿತು. ನಾನು, ಮಂಜಪ್ಪ ಇಬ್ಬರೂ ಹೆಗಲು ಕೊಟ್ಟು ನಿಲ್ಲಿಸಿದೆವು. ಒಳಗಿನ ತಂತಿ ಸುತ್ತು ಪೂರ್ತಿ ಕರಕಲಾಗಿತ್ತು. ಮೋಟಾರಿಗೆ ಅಷ್ಟು ಶಕ್ತಿ ಮೊದಲಿನಿಂದಲೂ ಇರಲಿಲ್ಲ. ಸಮತಟ್ಟು ರಸ್ತೆಯಲ್ಲಿ ಹಗುರ ಸೈಕಲ್ ಓಡಿಸುವುದಕ್ಕೆ ಮಾಡಿದ್ದು ಅದು.

ಲಲಿತಕ್ಕ ಅಳಲಿಲ್ಲ. “ಕೆಳಗೆ ಇಳಿಸ್ರೋ” ಅಂದಳು. ಮನೆಗೆ ಬಂದು ಕಾಫಿ ಮಾಡಿ ಕೊಟ್ಟಳು. ಆಮೇಲೆ ಹೇಳಿದಳು: “ಹಳೇ ಕಟ್ಟಡದ ಕೋಣೆಯೂ ಹೋಯ್ತು ಕಣೋ.”

“ಯಾವ ಕೋಣೆ?”

ಅವಳು ಮಳೆಗಾಲದಲ್ಲೇ ಹೆಡ್‌ಮಾಸ್ಟರರನ್ನು ಕೇಳಿದ್ದಳಂತೆ. ಒಂದನೇ ಕ್ಲಾಸು ಒಂದನ್ನು ಕೆಳಗಿನ ಹಳೇ ಕಟ್ಟಡದಲ್ಲೇ ಇಡಿ, ಪುಟ್ಟ ಮಕ್ಕಳಿಗೂ ಏರು ತಪ್ಪುತ್ತದೆ ಎಂದು. ಅವರು ಆಯ್ತು ನೋಡೋಣ ಅಂದಿದ್ದರು. ಅಷ್ಟರಲ್ಲಿ ನಾನು ಮೋಟಾರು ತಂದೆ.

ಮಾರನೇ ದಿನ ಹೆಡ್‌ಮಾಸ್ಟರರ ಹತ್ತಿರ ಹೋದೆ. ಕೆಟ್ಟವರಲ್ಲ. ಕುರ್ಚಿ ಎಳೆದು ಕೂರಿಸಿದರು. “ಎಂತ ಮಾಡೋದು ಹೇಳಿ. ಸೊಸೈಟಿಯವರು ಗೊಬ್ಬರ ಇಡೋಕೆ ಗೋಡೌನ್ ಬೇಕು ಅಂತ ಹಿಂದೆ ಬಿದ್ದಿದ್ರು. ಟೀಚರಿಗೋಸ್ಕರ ತಡೆದು ಇಟ್ಟಿದ್ವಿ. ಕಮಿಟಿಯಲ್ಲಿ ಎಲ್ಲರೂ ಅಂದ್ರು, ಅವರ ತಮ್ಮ ಮೋಟಾರು ಹಾಕ್ತಾ ಇದ್ದಾನಲ್ಲ, ಇನ್ನೇನು ತೊಂದ್ರೆ? ಅಂತ. ಬಿಟ್ಟುಕೊಟ್ವಿ.”

“ಮೋಟಾರು ಸುಟ್ಟುಹೋಯ್ತು ಸಾರ್.”

“ಅಯ್ಯೋ, ರಿಪೇರಿ ಆಗಲ್ವಾ?”

ಕಿಟಕಿಯಿಂದ ಗಾಳಿ ಬೆಳಕು ಚೆನ್ನಾಗಿಯೇ ಬರುತ್ತಿತ್ತು. ಪಕ್ಕದ ಕೋಣೆಯಲ್ಲಿ ಎರಡು ಕ್ಲಾಸಿನ ಮಕ್ಕಳು ಒಟ್ಟಿಗೆ ಗಲಾಟೆ ಮಾಡುತ್ತಿದ್ದವು. ನಾನು ಎದ್ದು ಬಂದೆ.

ಒಂದು ಕೋಣೆಯ ಬಾಗಿಲು ತೆರೆದಿಟ್ಟಿದ್ದರೆ ಮುಗಿಯುತ್ತಿದ್ದ ಕೆಲಸ ಇದು. ಬ್ರಷ್ಷು, ಫ್ಯೂಸು, ವೈರು ಅಂತ ನಾವು ತಲೆ ಕೆಡಿಸಿಕೊಂಡಿದ್ದಷ್ಟು ದಿನವೂ ಆ ಬಾಗಿಲು ನಮ್ಮೆದುರೇ ಇತ್ತು. ಮೋಟಾರು ಬರುತ್ತದೆ ಎಂಬ ಸುದ್ದಿಯೊಂದೇ ಸಾಕಾಯಿತು. ಇಡೀ ಊರಿಗೆ ನೆಮ್ಮದಿಯಾಯಿತು. ಯಾರೂ ಏನೂ ಮಾಡಬೇಕಾಗಿರಲಿಲ್ಲ.

ಲಲಿತಕ್ಕ ವರ್ಗಾವಣೆ ಕೇಳಿದಳು. ಬೇಗ ಸಿಕ್ಕಿತು (ಇಂಥದ್ದು ಮಾತ್ರ ನಮ್ಮಲ್ಲಿ ಬೇಗ ಸಿಗುತ್ತದೆ). ಶಾಲೆಗೆ ಅಲ್ಲ, ಹೊಸನಗರದ ಶಿಕ್ಷಣ ಇಲಾಖೆಯ ಆಫೀಸಿಗೆ. ಹೋದ ಸೋಮವಾರ ಅವಳನ್ನು ಕರೆದುಕೊಂಡು ಹೋಗಿ ಬಿಟ್ಟು ಬಂದೆ. ಆಫೀಸು ರಸ್ತೆಗೆ ಸಮನಾಗಿದೆ, ಮೆಟ್ಟಿಲೂ ಇಲ್ಲ. ಅಲ್ಲಿನ ಸಾಹೇಬರು ತುಂಬ ಮರ್ಯಾದಸ್ಥರು. ಗೋಡೆ ಬದಿಯ ಮೇಜು ತೋರಿಸಿ, “ಇಲ್ಲಿ ನಿಮಗೆ ಯಾವ ತೊಂದ್ರೆಯೂ ಇಲ್ಲ ಮೇಡಂ. ಬೆಳಿಗ್ಗೆ ಬಂದು ಕೂತ್ರೆ ಆಯ್ತು, ಸಂಜೆವರೆಗೆ ಏಳೋದೇ ಬೇಡ” ಅಂದರು.

“ಇಲ್ಲಿಗೆ ಮಕ್ಕಳು ಬರ್ತಾವಾ?” ಕೇಳಿದಳು ಅಕ್ಕ.

ಸಾಹೇಬರು ನಕ್ಕರು. “ಆಫೀಸಿಗೆ ಮಕ್ಕಳು ಯಾಕೆ ಬರ್ತಾವೆ ಮೇಡಂ?”

ಅಕ್ಕ ಮೇಜಿನ ಧೂಳನ್ನು ಸೆರಗಿನಿಂದ ಒರೆಸಿದಳು. ನನಗೆ “ಬಸ್ ತಪ್ಪತ್ತೆ, ಹೋಗು” ಅಂದಳು.

ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಪರಿಚಯದವರೊಬ್ಬರು ವಿಷಯ ಕೇಳಿ ಬೆನ್ನು ತಟ್ಟಿದರು. “ಒಳ್ಳೇದಾಯ್ತು ಬಿಡಿ, ಪಾಪ, ಕೂತಲ್ಲೇ ಸಂಬಳ!” ಅಂದರು.

ಕಿತ್ತುಕೊಂಡಿದ್ದನ್ನೂ ನಾವು ಉಪಕಾರ ಅಂತಲೇ ಕರೆಯುವುದಾದರೆ, ಅಪಕಾರ ಅನ್ನುವ ಪದ ನಿಘಂಟಿನಲ್ಲಿ ಯಾಕಿದೆ?