ಮೇಜಿಗಿಂತ ಮೊದಲು ಜಿಗ್

ನಮ್ಮ ಸೋದರಮಾವ ಬಡಗಿ. ಹಾಗಂತ ಅವರೇ ಹೇಳಿಕೊಳ್ಳುತ್ತಾರೆ. ಬೆನ್ನ ಹಿಂದೆ ನಾವೆಲ್ಲ ಅವರನ್ನು ಜಿಗ್ ಮಾವ ಅನ್ನುತ್ತೇವೆ.

ಜಿಗ್ ಅಂದರೆ ಮರವನ್ನು ಬಿಗಿಯಾಗಿ ಹಿಡಿದು ಯಂತ್ರದ ಅಲಗಿಗೆ ದಾರಿ ತೋರಿಸುವ ಚೌಕಟ್ಟು. ಮರ ಕೊರೆಯುವ ರೂಟರನ್ನು ಬರಿಗೈಯಲ್ಲಿ ಆಡಿಸಲು ಹೋದರೆ ಅದು ಜಿಗಿದು, ಕೆಲಸದ ಜೊತೆ ಬೆರಳನ್ನೂ ಕೆಡಿಸುತ್ತದೆ. ಅಷ್ಟರಮಟ್ಟಿಗೆ ಮಾವ ಹೇಳುವುದು ಸರಿ. ಅದರಾಚೆಗಿನದೆಲ್ಲ ಸೋಗು.

ಶೆಡ್ಡಿನ ಗೋಡೆ ತುಂಬ ಜಿಗ್ಗುಗಳು. ಕೀಲು ಕೂರಿಸಲು ಒಂದು, ದುಂಡಗೆ ಕತ್ತರಿಸಲು ಒಂದು, ಜಿಗ್ ಮಾಡಲಿಕ್ಕೇ ಇನ್ನೊಂದು. ಎಲ್ಲಕ್ಕೂ ಪಾಲಿಶ್. ಬಾಗಿಲು ಮಾಡಿಸಲು ಬಂದ ಗಿರಾಕಿ ಅವುಗಳ ಮೇಲೊಂದು ಭಾಷಣ ಕೇಳಿಸಿಕೊಂಡು, ಪಕ್ಕದ ಬೀದಿಯ ಬಡಗಿಯ ಹತ್ತಿರ ಹೋಗುತ್ತಿದ್ದ. ಮನೆ ನಡೆಯುತ್ತಿದ್ದುದು ಅತ್ತೆಯ ಹೊಲಿಗೆಯಿಂದ.

ಒಮ್ಮೆ ಅತ್ತೆಗೆ ಶಾಲೆಯೊಂದರ ಸಮವಸ್ತ್ರದ ಕೆಲಸ ಸಿಕ್ಕಿತು. ರಜೆ ಮುಗಿಯುವಷ್ಟರಲ್ಲಿ ಕೊಡದಿದ್ದರೆ ಕೈತಪ್ಪಿಹೋಗುವ ಕೆಲಸ. ನೆಲದ ಮೇಲೆ ಬಗ್ಗಿ ಬಟ್ಟೆ ಕತ್ತರಿಸಿ ಅವರ ಸೊಂಟ ಆಗಲೇ ಬಿದ್ದುಹೋಗಿತ್ತು. ಒಂದು ಮೇಜು ಮಾಡಿಕೊಡಿ ಅಂದರು. ಮಾವ ಖುಷಿಯಿಂದ ಒಪ್ಪಿ ಹಲಗೆ ತಂದರು. ಹಲಗೆ ಸಮ ಮಾಡಲು ಮೊದಲು ಸ್ಲೆಡ್ ಅನ್ನುವ ಇನ್ನೊಂದು ಜಿಗ್ ಆಗಬೇಕು ಅಂದರು. ಅಗಲವಾದ ಪ್ಲೈವುಡ್ ತಳ, ಎರಡು ಬದಿಗೆ ಹಳಿ, ಹಳಿಯ ಮೇಲೆ ರೂಟರ್ ಹೊತ್ತು ಓಡಾಡುವ ಪೀಠ. ತಳ ಕನ್ನಡಿಯಂತಾಗುವವರೆಗೆ ಉಜ್ಜಿದರು. ಹಳಿಗೆ ಮೇಣ ಸವರಿದರು. ದಾರಿಯಲ್ಲಿ ಹೋಗುವವರನ್ನೂ ಕರೆದು ತೋರಿಸಿದರು. ಮೇಜಿನ ಹಲಗೆ ಮಾತ್ರ ಮೂಲೆಯಲ್ಲಿ ಗೋಣಿಚೀಲ ಹೊದ್ದು ಮಲಗಿತ್ತು.

ಬಟ್ಟೆಯ ಥಾನುಗಳು ಬಂದಿಳಿದ ದಿನ ಮಾವ ಸ್ಲೆಡ್ಡಿಗೆ ಹಿತ್ತಾಳೆ ಹಿಡಿಕೆ ಹುಡುಕಲು ಪೇಟೆಗೆ ಹೋಗಿದ್ದರು. ವಾಪಸು ಬಂದಾಗ ಹಳಿಗಳು ಬಿಚ್ಚಿ ಬಿದ್ದಿದ್ದವು. ತಳ ನಡುಮನೆಯಲ್ಲಿ, ಒಂದರ ಮೇಲೊಂದಿಟ್ಟ ಟ್ರಂಕುಗಳ ಮೇಲೆ ಕೂತಿತ್ತು. ಅತ್ತೆ ನೆಟ್ಟಗೆ ನಿಂತು ಅದರ ಮೇಲೆ ನೀಲಿ ಬಟ್ಟೆ ಕತ್ತರಿಸುತ್ತಿದ್ದರು.

"ಏನೇ ಇದು? ಅದು ಸ್ಲೆಡ್ಡು ಕಣೇ," ಅಂದರು ಮಾವ.

ಅತ್ತೆ ಕತ್ತರಿ ನಿಲ್ಲಿಸಲಿಲ್ಲ. "ಮದುವೆಯಾದಾಗಿನಿಂದ ಈ ಮನೆಗೆ ನೀವು ಮಾಡಿದ್ದು ಇದೊಂದೇ. ಚೆನ್ನಾಗಿದೆ. ಸ್ವಲ್ಪ ಆಚೆ ಸರೀರಿ, ಬಟ್ಟೆ ತುಳೀತಿದ್ದೀರಾ."

ಸಮವಸ್ತ್ರ ಹೊತ್ತಿಗೆ ಸರಿಯಾಗಿ ಮುಗಿಯಿತು. ಮರುವರ್ಷದ ಕೆಲಸವೂ ಬಂತು. ಈಗ ನೆಂಟರು ಬಂದರೆ ಮಾವ ಆ ಪ್ಲೈವುಡ್ಡಿನ ಮೇಲೆ ಅಂಗೈ ಸವರಿ, ಹೆಂಡತಿಗೆ ತಾನು ಎಂಥ ಮೇಜು ಮಾಡಿಕೊಟ್ಟೆ ಅಂತ ವರ್ಣಿಸುತ್ತಾರೆ. ಅತ್ತೆ ತಲೆ ಎತ್ತುವುದೂ ಇಲ್ಲ. ಆ ಮಾತಿಗೆ ಅಷ್ಟು ಬೆಲೆಯೂ ಇಲ್ಲ.