ಜೇಡದ ಎಂಟು ಕಣ್ಣು

ಎಪ್ಪತ್ತರ ದಶಕದ ಕೊನೆಯಲ್ಲಿ ಚನ್ನಗಿರಿಯಲ್ಲಿ ನನ್ನದೊಂದು ಸ್ಟುಡಿಯೊ ಇತ್ತು, ಮನೆಯ ಮುಂದಿನ ಕೋಣೆಯಲ್ಲೇ. ಹಾರ್ಮೋನಿಯಂನಂತೆ ಮಡಿಕೆ ಬಿಚ್ಚುವ ಮರದ ಕ್ಯಾಮೆರಾ. ಇಡೀ ದಿಬ್ಬಣ ಹಿಡಿಸಲು ಮಾಡಿದ ಆ ಪೆಟ್ಟಿಗೆಯನ್ನು ನಾನು ಬಿಡುವಾದಾಗಲೆಲ್ಲ ಕಿಟಕಿಯ ಚೌಕಟ್ಟಿನ ಮೇಲಿನ ಅಕ್ಕಿಕಾಳಿನಷ್ಟು ಜೇಡದ ಕಡೆಗೆ ಬಗ್ಗಿಸುತ್ತಿದ್ದೆ. ಇದು ನೆಗೆಯುವ ಜೇಡ. ಬಲೆ ಕಟ್ಟಿ, ಯಾರಾದರೂ ಬಂದು ಬೀಳಲಿ ಎಂದು ಕೂರುವ ಪೈಕಿಯಲ್ಲ. ತಾನೇ ಹೋಗಿ, ಹಾರಿ, ಹಿಡಿದು ತಿನ್ನುತ್ತದೆ. ದುಡಿದು ತಿನ್ನುವವರ ಮೇಲೆ ನನಗೆ ಗೌರವ. ಹತ್ತಿರ ಹೋದರೆ ತಿರುಗಿ ನಮ್ಮನ್ನೇ ನೋಡುತ್ತದೆ. ನನ್ನ ಗಿರಾಕಿಗಳಲ್ಲಿ ಅಷ್ಟು ಧೈರ್ಯವಾಗಿ ಲೆನ್ಸ್ ನೋಡಿದವರು ಕಡಿಮೆ.

“ಹೊರಗೆ ಗಂಡು-ಹೆಣ್ಣು ಕಾಯ್ತಾ ಕುಂತಾರೆ,” ಎನ್ನುತ್ತಿದ್ದಳು ಹೆಂಡತಿ. “ಇದಕ್ಕೆ ಪೌಡ್ರು ಹಚ್ಚಾಕೆ ಬರ್ಲೇನು?”

ಒಮ್ಮೆ ಪಾಸ್‌ಪೋರ್ಟ್ ಸೈಜು ಫೋಟೊಗೆಂದು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಬಂದರು. ಜೇಡಕ್ಕೆ ಎಂಟು ಕಣ್ಣು ಎಂದು ನಾನು ಹೇಳಿದ್ದೇ ತಪ್ಪಾಯಿತು.

“ಎಷ್ಟನೇ ಕ್ಲಾಸು ಓದೀರಿ?”

“ಆರು ಸಾರ್. ಪೂರ್ತಿ ಅಲ್ಲ.”

“ಅದಕ್ಕೇ ಕಾಲು ಎಣಿಸಿ ಕಣ್ಣು ಅಂತೀರಿ. ಫೋಟೊದಾಗೆ ಎಂಟು ತೋರ್ಸಿ, ನಮ್ಮ ಸೈನ್ಸ್ ರೂಮಿನಾಗೆ ಕಟ್ಟು ಹಾಕಿಸಿ ತೂಗುಹಾಕ್ತೀನಿ.”

ಆ ಹೈಸ್ಕೂಲಿನ ಮೆಟ್ಟಿಲನ್ನು ನಾನು ಹತ್ತಿದ್ದೆಲ್ಲ ಗ್ರೂಪ್ ಫೋಟೊದ ಸ್ಟ್ಯಾಂಡು ಹೊತ್ತುಕೊಂಡೇ. ಅದರ ಗೋಡೆಯ ಮೇಲೆ ನನ್ನ ಕೆಲಸ ತೂಗಬೇಕೆಂಬ ಹಟ ಆಗ ಕಚ್ಚಿಕೊಂಡಿತು. ಮೂರು ವಾರ ಕಿಟಕಿಯ ಮುಂದೆ ಮಂಡಿಯೂರಿದೆ. ಒಮ್ಮೆಯಂತೂ ಜೇಡ ನೇರ ಲೆನ್ಸಿನ ಮೇಲೇ ನೆಗೆದು ಕೂತಿತು. ಕೊನೆಗೆ ಒಂದು ನೆಗೆಟಿವ್ ಸಿಕ್ಕಿತು: ಎದುರಿಗೆ ನಾಲ್ಕು, ನೆತ್ತಿಯ ಮೇಲೆ ನಾಲ್ಕು, ಎಂಟು ಕಣ್ಣಲ್ಲೂ ಫ್ಲ್ಯಾಷಿನ ಮಿಂಚು. ಹಿಂದಿನ ಗೋಡೆಯ ಸುಣ್ಣದ ಚುಕ್ಕೆಗಳು ಮಾತ್ರ ಕಣ್ಣಿಗೆ ಚುಚ್ಚುತ್ತಿದ್ದವು.

ಆಗ ಹೊನ್ನಾಳಿಯಿಂದ ನಮ್ಮೂರಿನವರೆಗೆ ಎಲ್ಲ ಸ್ಟುಡಿಯೊಗಳ ನೆಗೆಟಿವ್ ತಿದ್ದುತ್ತಿದ್ದವನು ನ್ಯಾಮತಿಯ ಒಬ್ಬ ಅಜ್ಜ. ಲಕೋಟೆಯನ್ನು ಬಸ್ ಕಂಡಕ್ಟರ್ ಕೈಗೆ ಕೊಟ್ಟರೆ ಸಾಕು, ಅಜ್ಜ ಬ್ಲೇಡಿನಿಂದ ಕಲೆ ಕೆರೆದು, ಪೆನ್ಸಿಲ್ಲಿನಿಂದ ತುಂಬಿ ಕಳಿಸುತ್ತಿದ್ದ. ಬಿಳಿಚೋಡು ಊರಿನ ಒಬ್ಬ ಮೆಳ್ಳಗಣ್ಣಿನ ವರನಿಗೆ ಫೋಟೊದಲ್ಲೇ ದೃಷ್ಟಿ ನೆಟ್ಟಗೆ ಮಾಡಿ ಹೆಣ್ಣು ಗೊತ್ತು ಮಾಡಿಸಿದ ಕೈ ಅದು. ಅಂಥವನಿಗೆ ಯಾವ ಚುಕ್ಕೆ ತೆಗೆಯಬೇಕೆಂದು ಚೀಟಿ ಬರೆದು ಹೇಳಿಕೊಡುವುದೇ? ಬರೆಯಲಿಲ್ಲ.

ವಾಪಸು ಬಂದ ನೆಗೆಟಿವ್‌ನಿಂದ ಪ್ರಿಂಟ್ ಹಾಕಿದೆ. ಗೋಡೆ ಕನ್ನಡಿಯಂತಿತ್ತು. ಜೇಡಕ್ಕೆ ಎರಡೇ ಕಣ್ಣು.

ಮರುದಿನವೇ ನ್ಯಾಮತಿಗೆ ಹೋದೆ.

“ಏನಜ್ಜ ಇದು?”

“ಭಾಳ ಚುಕ್ಕಿ ಬಿದ್ದಿದ್ವು ಮಾರಾಯ. ಮಾರಿ ಮ್ಯಾಲಿನ ಆರು ಕೆರೆದು ತೆಗ್ದೆ, ದೊಡ್ಡವು ಎರಡು ಉಳಿಸೀನಿ. ಈಗ ಲಕ್ಷಣವಾಗೈತೆ ನೋಡು!”

ಕೆರೆದದ್ದನ್ನು ಅಂಟಿಸಲು ಬರುವುದಿಲ್ಲ. ಬಸ್ ಹತ್ತಿ ಊರಿಗೆ ಬಂದರೆ, ಮೇಷ್ಟ್ರು ಸ್ಟುಡಿಯೊದಲ್ಲಿ ಕೂತು ಅದೇ ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

“ಈಗ ಬಂದ್ರಿ ದಾರಿಗೆ!”

“ಅದು ಕೆಟ್ಟೈತೆ ಸಾರ್, ಕೆರೆದುಬಿಟ್ಟಾರೆ...”

“ನಿಮ್ಮ ಫೋಟೊನೇ ಹೇಳ್ತೈತಲ್ರೀ!”

ಮಾತಿನಂತೆ ಕಟ್ಟು ಹಾಕಿಸಿ ತೂಗುಹಾಕಿಯೇ ಬಿಟ್ಟರು. ಕೆಳಗೆ ದುಂಡನೆಯ ಅಕ್ಷರದಲ್ಲಿ: ‘ಜೇಡ. ಎರಡು ಕಣ್ಣಿನ ಕೀಟ.’ ನನ್ನ ಕೆಲಸ ಹೈಸ್ಕೂಲಿನ ಗೋಡೆ ಹತ್ತಿತ್ತು, ಸುಳ್ಳು ಹೇಳಿಕೊಂಡು.

ಮಾರ್ಚಿನಲ್ಲಿ ಹೈಸ್ಕೂಲಿನ ಗ್ರೂಪ್ ಫೋಟೊ. ನಾನು ಲೆನ್ಸಿನ ಮುಚ್ಚಳ ತೆಗೆದ ಕೂಡಲೇ ಈ ಮೇಷ್ಟ್ರು ಕಣ್ಣು ಮುಚ್ಚುವುದು ವರ್ಷವರ್ಷದ ಪದ್ಧತಿ. ಆಮೇಲೆ ಪ್ರಿಂಟಿನ ಮೇಲೆ ಸಣ್ಣ ಬ್ರಶ್ಶಿನಿಂದ ನಾನು ಕಣ್ಣು ಬರೆದುಕೊಡುವುದೂ ಪದ್ಧತಿಯೇ. ಅವರಿಗೇ ಅದು ಗೊತ್ತಿರಲಿಲ್ಲ. ಆ ವರ್ಷ ಬರೆಯಲಿಲ್ಲ.

ಫೋಟೊ ಹಿಡಿದುಕೊಂಡು ಓಡಿಬಂದರು. “ಏನ್ರೀ ಇದು! ಹೆಡ್‌ಮಾಸ್ತರ ಪಕ್ಕದಾಗೆ ಕುಂತು ನಿದ್ದಿ ಹೊಡೆದಂಗೈತೆ!”

“ನಿಮ್ಮ ಫೋಟೊನೇ ಹೇಳ್ತೈತಲ್ಲ ಸಾರ್.”

ಕೆಂಪಾದರು. ನಾನು ಭೂತಗನ್ನಡಿ ಕೈಗಿತ್ತು ಕಿಟಕಿ ತೋರಿಸಿದೆ. ಮೊದಲು ಅದರದು ಎಣಿಸಿ, ಆಮೇಲೆ ನಿಮ್ಮದು ನೋಡೋಣ ಎಂದೆ. ಬಿ.ಎಸ್ಸಿ. ಓದಿದವರು ಪಂಚೆ ಎತ್ತಿ ಕಟ್ಟಿ ಮಂಡಿಯೂರಿದರು.

“ನಾಕು... ಐದು... ಥೂ, ತಿರುಗಿತು.”

“ಅದೂ ನಿಮ್ಮನ್ನ ಎಣಿಸಾಕೆ ಹತ್ತೈತೆ, ತಡೀರಿ,” ಎಂದಳು ಒಳಗಿನಿಂದ ನನ್ನ ಹೆಂಡತಿ.

ಬಹಳ ಹೊತ್ತಾದ ಮೇಲೆ ಗೋಡೆಗೆ ಹೇಳುವಂತೆ ಮೆಲ್ಲಗೆ ಹೇಳಿದರು: “ಎಂಟೈತೆ.”

ಕೂತಲ್ಲೇ ಅವರಿಗೆ ಕಣ್ಣು ಬರೆದುಕೊಟ್ಟೆ. ಎರಡೇ.

ಮಳೆಗಾಲಕ್ಕೆ ಮುಂಚೆ ಜೇಡದ ಇನ್ನೊಂದು ಎಂಟು ಕಣ್ಣಿನ ನೆಗೆಟಿವ್ ಸಿಕ್ಕಿತು. ಹಳೆಯ ಕಟ್ಟಿನಲ್ಲಿ ಹೊಸ ಫೋಟೊ ಕೂತಿತು, ಕೆಳಗಿನ ಬರಹವೂ ಬದಲಾಯಿತು. ಈ ಸಲ ನ್ಯಾಮತಿಗೆ ಕಳಿಸಲಿಲ್ಲ. ಗೋಡೆಯ ಸುಣ್ಣದ ಚುಕ್ಕೆಗಳು ಹಾಗೇ ಉಳಿದವು. ಅವನ್ನೂ ಸೇರಿಸಿ ಮಕ್ಕಳು ಹನ್ನೊಂದು ಕಣ್ಣು ಎಣಿಸುತ್ತಾರೆಂದು ಮೇಷ್ಟ್ರು ಆಗಾಗ ಬಂದು ದೂರುತ್ತಿದ್ದರು. ಎಣಿಸುತ್ತಾರಲ್ಲ, ಅಷ್ಟು ಸಾಕು ಎಂದೆ.