ಮೊದಲು ಹೇಗಿದ್ದಳು ನನ್ನ ತಂಗಿ

ಬಿದ್ದವಳು ಎದ್ದು, ಎದುರಾಳಿಗಳ ಸಾಲಿನಲ್ಲೇ ಹೋಗಿ ನಿಂತುಬಿಟ್ಟಳು ನನ್ನ ತಂಗಿ ಸವಿತಾ. ಜನ ನಕ್ಕರು. ನಾನೂ ನಕ್ಕೆ.

ಚನ್ನರಾಯಪಟ್ಟಣದ ಮೈದಾನದಲ್ಲಿ ಕಾಲೇಜು ಹುಡುಗಿಯರ ಕಬಡ್ಡಿ ಪಂದ್ಯ. ಹೊಳೆನರಸೀಪುರದ ತಂಡಕ್ಕೆ ಸವಿತಾಳೇ ಮುಖ್ಯ ರೈಡರ್. ಆ ಸಲ ಅವಳು ರೈಡಿಗೆ ಹೋದಾಗ ಒಬ್ಬಳು ಪಾದ ಹಿಡಿದಳು, ಇನ್ನೊಬ್ಬಳು ಪಕ್ಕದಿಂದ ನುಗ್ಗಿ ಬಂದಳು. ನುಗ್ಗಿದವಳ ಮೊಣಕಾಲು ಸವಿತಾಳ ಕಣತಲೆಗೆ ಬಡಿಯಿತು. ಆಮೇಲೆ ತಲೆ ನೆಲಕ್ಕೆ ಬಡಿಯಿತು. ಒಣಗಿ ಗಟ್ಟಿಯಾಗಿದ್ದ ನೆಲ. ಅಷ್ಟು ಕೂಗಾಟದ ನಡುವೆಯೂ ಆ ಸದ್ದು ನನಗೆ ಕೇಳಿಸಿತು.

ತಂಡದವರು ಅವಳನ್ನು ಕರೆತಂದು ಕೂರಿಸಿ ಗ್ಲೂಕೋಸ್ ನೀರು ಕುಡಿಸಿದರು. ತರಬೇತಿ ಕೊಡುತ್ತಿದ್ದ ರಾಜೇಗೌಡ ಮೇಷ್ಟ್ರು, "ಎಂಗವ್ವಾ, ಆಯ್ತದಾ?" ಎಂದು ಕೇಳಿದರು. "ಆಯ್ತದೆ ಸಾ" ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಒಳಗೆ ಹೋದಳು. ಈ ಸಲ ಎದುರಾಳಿಯನ್ನು ತಡೆಯಲು ಹೋಗಿ ಇಬ್ಬರ ತಲೆಯೂ ಡಿಕ್ಕಿಯಾಯಿತು.

ಎರಡನೇ ಸಲ ಅವಳು ಏಳಲಿಲ್ಲ.

ಜೀಪಿನಲ್ಲಿ ಹಾಸನಕ್ಕೆ ಸಾಗಿಸಿದೆವು. ದಾರಿಯುದ್ದಕ್ಕೂ ನನ್ನ ಮಡಿಲಿಗೇ ವಾಂತಿ ಮಾಡಿಕೊಂಡಳು. ಎಚ್ಚರವಾದಾಗ, "ಯಾರ್ ಗೆದ್ರು?" ಎಂದಳು. ಹೇಳಿದೆ. ಮತ್ತೆ ಅದನ್ನೇ ಕೇಳಿದಳು. ಆಸ್ಪತ್ರೆ ತಲುಪುವವರೆಗೂ ಅದೊಂದೇ ಪ್ರಶ್ನೆ. ಸಿ.ಟಿ. ಸ್ಕ್ಯಾನ್ ಆಯಿತು. "ನಾರ್ಮಲ್ ಇದೆ, ರೆಸ್ಟ್ ಮಾಡಲಿ" ಎಂದು ಡ್ಯೂಟಿ ಡಾಕ್ಟರ್ ಕಳಿಸಿಕೊಟ್ಟರು.

ನಾನು ಹೊಳೆನರಸೀಪುರದಲ್ಲಿ ಹೈಸ್ಕೂಲು ಟೀಚರ್. ಅಪ್ಪ ಅಮ್ಮ ದಂಡಿಗನಹಳ್ಳಿಯಲ್ಲಿ ಜಮೀನು ನೋಡಿಕೊಂಡಿದ್ದರು. ಕಾಲೇಜಿಗೆಂದು ಸವಿತಾ ನಮ್ಮ ಮನೆಯಲ್ಲೇ ಇದ್ದಳು. ಸ್ಕ್ಯಾನ್ ನಾರ್ಮಲ್ ಎಂದಮೇಲೆ ನಾನೂ ನನ್ನ ಗಂಡನೂ ನಿಶ್ಚಿಂತೆಯಿಂದಲೇ ಅವಳನ್ನು ಕರೆತಂದೆವು. ಒಂದೆರಡು ದಿನ ನಿದ್ದೆ ಮಾಡಿಯಾಳು, ಸರಿಹೋದಾಳು ಎಂದುಕೊಂಡೆವು.

ನಿದ್ದೆ ಮಾಡಿದಳು. ಸರಿಹೋಗಲಿಲ್ಲ.

ಬೆಳಕು ಅವಳ ಕಣ್ಣಿಗೆ ಆಗುತ್ತಿರಲಿಲ್ಲ. ಪಾತ್ರೆ ಸದ್ದಾದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಓದಿದ ಸಾಲನ್ನೇ ಮತ್ತೆ ಮತ್ತೆ ಓದಿ ಪುಸ್ತಕ ಎಸೆಯುತ್ತಿದ್ದಳು. ಒಂದು ಸಂಜೆ ನಮ್ಮವರು ವಾರ್ತೆ ಕೇಳಲೆಂದು ಟಿ.ವಿ. ಸದ್ದು ಹೆಚ್ಚಿಸಿದರು. ಮೂಲೆಯಲ್ಲಿ ಕುಳಿತಿದ್ದವಳು ಸ್ಟೀಲ್ ಚೊಂಬು ತೆಗೆದು ಬೀಸಿದಳು. ಅದು ಅವರ ಕಿವಿ ಸವರಿಕೊಂಡು ಹೋಗಿ ಟಿ.ವಿ. ಗಾಜಿಗೆ ಬಡಿಯಿತು. ಅವರು ಕಿವಿಯ ರಕ್ತ ಒರೆಸಿಕೊಂಡು ಗಾಜಿನ ಚೂರು ಗುಡಿಸಿದರು.

ಇನ್ನೊಂದು ದಿನ ಅವಳು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದುದನ್ನು ಕಂಡು ಓಡಿದೆ. ತಲೆಗೂ ಗೋಡೆಗೂ ನಡುವೆ ನನ್ನ ಅಂಗೈ ಇಟ್ಟೆ. ಅಂಗೈಗೇ ಚಚ್ಚಿದಳು. "ನೋವು ಆಚಿಕ್ ಬರ್ಲಿ ಬುಡಕ್ಕ" ಎಂದು ಅರಚುತ್ತಿದ್ದಳು. ಹೇಗೋ ಎಳೆದು ಕೂರಿಸಿದೆ. ನಾನು ಹೊರಗೆ ಬರುವಾಗ ಹಿಂದಿನಿಂದ ಬಾಗಿಲನ್ನು ರಭಸದಿಂದ ಒದ್ದಳು. ನನ್ನ ಕೈ ಚೌಕಟ್ಟಿನ ಮೇಲಿತ್ತು.

ಎರಡು ಬೆರಳು ಮುರಿದವು.

ಆ ನೋವಿಗಿಂತ ನನ್ನನ್ನು ಹೆದರಿಸಿದ್ದು ಅವಳ ಮುಖ. ಬಾಗಿಲು ತೆರೆದು ನನ್ನ ಕೈ ನೋಡಿದಳು. ಯಾರದೋ ಕೈ ನೋಡಿದಂತೆ ನೋಡಿ ಹೋಗಿ ಮಲಗಿಕೊಂಡಳು.

ಊರಿಂದ ಅಪ್ಪ ಬಂದರು. ಬ್ಯಾಂಡೇಜು ನೋಡಿ ತಲೆ ತಗ್ಗಿಸಿ ಕುಳಿತರು. "ಅವ್ಳು ಮೊದ್ಲಿಂದ್ಲೂ ಅಂಗೇಯ ಕಣವ್ವ. ಚಿಕ್ಕೋಳಿದ್ದಾಗ ಆಯಕ್ ಬರೋ ಎಮ್ಮೇನೇ ಒದಿಯಕ್ ಓಗಳು" ಎಂದರು. ರಾಜೇಗೌಡ ಮೇಷ್ಟ್ರು ನೋಡಲು ಬಂದವರು, "ಸಿಟ್ಟಿಲ್ದಿದ್ರೆ ರೈಡರ್ ಆಯ್ತಾರಾ ಟೀಚರೇ? ಗ್ರೌಂಡಿಗ್ ಕಳ್ಸಿ, ಸರಿ ಓಯ್ತಳೆ" ಎಂದರು. ರಾಜ್ಯ ತಂಡದ ಆಯ್ಕೆ ಹತ್ತಿರವಿತ್ತು. ಅದು ಅವರ ಕನಸೂ ಹೌದು, ಅವಳ ಕನಸೂ ಹೌದು. ನನಗೆ ಮಾತ್ರ ಇದು ಹಳೆಯ ಸಿಟ್ಟಲ್ಲ ಎನಿಸುತ್ತಿತ್ತು. ಆದರೆ ತೋರಿಸುವುದು ಹೇಗೆ? ಅವಳು ಮೊದಲೂ ಮುಂಗೋಪಿಯೇ. ಮೊದಲೂ ಲೆಕ್ಕದಲ್ಲಿ ಹಿಂದೆಯೇ. ಮರೆವೂ ಇತ್ತು. ಎಲ್ಲಿ ಸವಿತಾ ಮುಗಿದು ಎಲ್ಲಿಂದ ಪೆಟ್ಟು ಶುರುವಾಯಿತು ಎಂದು ಗೆರೆ ಎಳೆಯಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ.

ಹಾಸನದ ನ್ಯೂರಾಲಜಿ ಡಾಕ್ಟರಮ್ಮ ಕೇಳಿದ್ದೂ ಅದನ್ನೇ. "ಮೊದಲು ಹೇಗಿದ್ದಳು?"

ಅಪ್ಪ ಒಂದು ಹೇಳಿದರು, ಮೇಷ್ಟ್ರು ಒಂದು, ನಾನೊಂದು. ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡು ಸವಿತಾಳಿಗೆ ಐದು ಪದ ಹೇಳಿದರು, ಆಮೇಲೆ ಒಪ್ಪಿಸಬೇಕು ಎಂದು. ತಿಂಗಳುಗಳನ್ನು ಹಿಂದಿನಿಂದ ಹೇಳಿಸಿದರು. ಕಣ್ಣು ಮುಚ್ಚಿ ಒಂಟಿ ಕಾಲಿನಲ್ಲಿ ನಿಲ್ಲಿಸಿದರು. ನೆಲದ ಮೇಲೆ ಚಿಗರೆಯಂತೆ ಹಾರುತ್ತಿದ್ದವಳು ಓಲಾಡಿ ಟೇಬಲ್ ಹಿಡಿದುಕೊಂಡಳು. ಪದಗಳಲ್ಲಿ ಒಂದೇ ನೆನಪಿತ್ತು.

ಮೇಷ್ಟ್ರು ಒಪ್ಪಲಿಲ್ಲ. "ಮೇಡಂ, ಇವ್ಳು ಪೆಟ್ಟು ಬೀಳಕ್ ಮುಂಚೇನೂ ತಿಂಗ್ಳು ಇಂದುಮುಂದಾಗಿ ಏಳಿರಕ್ಕಿಲ್ಲ."

"ಇರಬಹುದು. ನಮಗೆ ಗೊತ್ತಿಲ್ಲವಲ್ಲ, ಅದೇ ತೊಂದರೆ" ಎಂದರು ಡಾಕ್ಟರಮ್ಮ. "ಆಟ ಶುರುವಾಗೋಕೆ ಮುಂಚೆ, ಚೆನ್ನಾಗಿರುವಾಗಲೇ ಪ್ರತಿ ಮಗುವಿಗೂ ಈ ಟೆಸ್ಟ್ ಮಾಡಿಟ್ಟುಕೊಳ್ಳಬೇಕು. ಬೇಸ್‌ಲೈನ್ ಅಂತೀವಿ. ಪೆಟ್ಟು ಬಿದ್ದರೆ ಮತ್ತೆ ಮಾಡಿ ಹೋಲಿಸಬಹುದು. ಕಂಕಷನ್, ಅಂದರೆ ಪೆಟ್ಟಿಗೆ ಮಿದುಳು ಅಲುಗಿರೋದು, ಸ್ಕ್ಯಾನಿನಲ್ಲಿ ಕಾಣದೇ ಇರಬಹುದು ಮೇಷ್ಟ್ರೇ. ಇದರಲ್ಲಿ ಕೆಲವು ಸಲ ಸಿಕ್ಕಿಬೀಳುತ್ತೆ."

"ಆಡ್ಬೋದಾ?" ಎಂದಳು ಸವಿತಾ.

"ಬೇಡ. ವಾಸಿಯಾಗೋಕೆ ಮುಂಚೆ ಇನ್ನೊಂದು ಪೆಟ್ಟು ಬಿದ್ದರೆ ಮಿದುಳು ಊದಿಕೊಳ್ಳಬಹುದು. ಜೀವಕ್ಕೇ ಅಪಾಯ."

ಅವಳು ಆ ಮಾತನ್ನು ಕೇಳಿಸಿಕೊಂಡಳೋ ಇಲ್ಲವೋ. ಒಂದು ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮನೆಯಲ್ಲಿರಲಿಲ್ಲ. ಕಾಲೇಜು ಮೈದಾನಕ್ಕೆ ಓಡಿದೆ. ದೂರದಿಂದಲೇ ಕಿರುಚಾಟ ಕೇಳಿಸಿತು.

ಮೇಷ್ಟ್ರು ಬರುವ ಮೊದಲೇ ಸವಿತಾ ಅಂಕಣಕ್ಕೆ ಇಳಿದಿದ್ದಳಂತೆ. ತಂಡದ ಕಿರಿಯ ಆಟಗಾರ್ತಿ ಭಾಗ್ಯ ಅಭ್ಯಾಸದಲ್ಲಿ ಅವಳ ಸೊಂಟ ಹಿಡಿದಿದ್ದಳಂತೆ, ಅಷ್ಟೇ. ಸವಿತಾ ಆ ಹುಡುಗಿಯನ್ನು ಕೆಡವಿ ಎದೆಯ ಮೇಲೆ ಕುಳಿತು ಮುಖಕ್ಕೆ ಗುದ್ದುತ್ತಿದ್ದಳು. ಭಾಗ್ಯಳ ತುಟಿ ಒಡೆದು, ಮೂಗಿನ ರಕ್ತ ಮಣ್ಣಿನಲ್ಲಿ ಕಲಸಿಹೋಗಿತ್ತು. ಹುಡುಗಿಯರು ಕೂದಲು ಹಿಡಿದು ಎಳೆದರೂ ಅವಳು ಬಿಡಲಿಲ್ಲ. ಅಷ್ಟರಲ್ಲಿ ಬಂದ ಮೇಷ್ಟ್ರು ಹಿಂದಿನಿಂದ ತಬ್ಬಿ ಎತ್ತಿದಾಗ ಅವರ ಹೊಟ್ಟೆಗೆ ಒದ್ದಳು, ತೋಳು ಕಚ್ಚಿದಳು. ಆಮೇಲೆ ಇದ್ದಕ್ಕಿದ್ದಂತೆ ಕೈಕಾಲು ಸೋತು ಅವರ ತೋಳಲ್ಲೇ ಜೋತುಬಿದ್ದಳು.

ಮೇಷ್ಟ್ರು ಅವಳನ್ನು ನೆಲಕ್ಕೆ ಇಳಿಸಿದರು.

"ಟೀಚರೇ, ಇದು ನಮ್ ಸವಿತಾ ಅಲ್ಲ ಕಣ್ರೀ" ಎಂದರು. "ಐಸ್ಕೂಲಿಂದ ನೋಡಿವ್ನಿ. ಕೆಳಿಕ್ ಬಿದ್ದೋರ್ಗೆ ಕೈ ಕೊಟ್ಟು ಎಬ್ಸೋ ಉಡ್ಗಿ ಇದು. ಸಿಟ್ಟೆಲ್ಲ ಉಸ್ರು ಇಡ್ದಿರೋಗಂಟ, ಆಚಿಕ್ ಬಂದ್ರೆ ನಕ್ಬುಡೋಳು. ಯಾರ್ ಮ್ಯಾಲೂ ಕೈ ಮಾಡ್ದೋಳಲ್ಲ."

ಆ ದಿನವೇ ಸವಿತಾಳನ್ನು ಕರೆದುಕೊಂಡು ನನ್ನ ಜೊತೆ ಹಾಸನದ ಬಸ್ಸು ಹತ್ತಿ ಬಂದು ಡಾಕ್ಟರಮ್ಮನಿಗೂ ಅದನ್ನೇ ಹೇಳಿದರು. ಅವರು ಮೊದಲ ಸಲ ಕೊಟ್ಟಿದ್ದ ಗುಳಿಗೆ ಬದಲಿಸಿದರು. ಓದು, ಆಟ, ಟಿ.ವಿ. ಎಲ್ಲ ನಿಲ್ಲಿಸಿದರು. ಹಿಂದಿರುಗುವ ಮುನ್ನ ಮೇಷ್ಟ್ರು ಬಾಗಿಲಲ್ಲಿ ನಿಂತು, "ಮೇಡಂ, ನಮ್ ಮಕ್ಳಿಗೆಲ್ಲ ಆ ಟೆಸ್ಟ್ ಮಾಡ್ಕೊಡ್ತೀರಾ?" ಎಂದರು.

ಮುಂದಿನ ಸೀಸನ್ನಿಗೆ ಮೊದಲು ಡಾಕ್ಟರಮ್ಮ ಒಂದು ಭಾನುವಾರ ಹೊಳೆನರಸೀಪುರಕ್ಕೇ ಬಂದರು. ಹುಡುಗಿಯರು ನಗುನಗುತ್ತ ಪದ ಒಪ್ಪಿಸಿದರು, ಒಂಟಿ ಕಾಲಿನಲ್ಲಿ ನಿಂತರು. ಭಾಗ್ಯ ಐದಕ್ಕೆ ಐದೂ ಪದ ಹೇಳಿ ಬೀಗಿದಳು. ಸವಿತಾ ಡಾಕ್ಟರಮ್ಮನ ಪಕ್ಕದಲ್ಲೇ ಕುಳಿತು ಮಾಡಿಸುವುದನ್ನು ಕಲಿತುಕೊಂಡಳು. ಅಷ್ಟರಲ್ಲಿ ಅವಳು ಎಷ್ಟೋ ಸುಧಾರಿಸಿದ್ದಳು. ಆದರೆ ಆಟ ಬಿಟ್ಟಿದ್ದಳು. ವಾಸಿಯಾದ ಮೇಲೂ ಬಿಡಬೇಕೆಂದು ಯಾರೂ ಹೇಳಿರಲಿಲ್ಲ. ಒಂದು ದಿನ ಅಂಕಣದ ಗೆರೆಯವರೆಗೆ ಹೋಗಿ, ಒಳಗೆ ಕಾಲಿಡಲಾಗದೆ ಹಿಂದಿರುಗಿ ಬಂದು ಅತ್ತಳು.

ಅರಕಲಗೂಡಿನ ಪಂದ್ಯದಲ್ಲಿ ಭಾಗ್ಯಳ ತಲೆಗೆ ಪೆಟ್ಟು ಬಿತ್ತು. ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು, ನಮ್ಮ ತಂಡ ಮುಂದಿತ್ತು. ಎದ್ದು ಬಂದವಳು, "ನಂಗೇನಾಗಿಲ್ಲ ಸಾ, ಬುಡಿ" ಎಂದು ಕೊಸರಾಡಿದಳು. ಸವಿತಾ ಅವಳನ್ನು ಎದುರು ಕೂರಿಸಿಕೊಂಡು ಪದಗಳನ್ನು ಹೇಳಿದಳು, ಕೇಳಿದಳು. ಭಾಗ್ಯ ಎರಡು ಹೇಳಿ ಕಣ್ಣು ಪಿಳಿಪಿಳಿ ಬಿಟ್ಟಳು.

"ಇವ್ಳು ಇಳಿಯಂಗಿಲ್ಲ ಸಾ" ಎಂದಳು ಸವಿತಾ.

ಮೇಷ್ಟ್ರು ಅಂಕಣದ ಕಡೆ ನೋಡಿದರು, ಭಾಗ್ಯಳ ಕಡೆ ನೋಡಿದರು. ಬೇರೆ ಹುಡುಗಿಯನ್ನು ಕಳಿಸಿದರು. ನಾವು ಸೋತೆವು.

ಭಾಗ್ಯ ಎಲ್ಲರೆದುರು ಸವಿತಾಳ ಕೆನ್ನೆಗೆ ಬಾರಿಸಿದಳು. "ನಿಂಗೆ ಆಡಕ್ಕಾಗ್ನಿಲ್ಲ ಅಂತ ನನ್ನೂ ಕೂರುಸ್ದೆ" ಎಂದು ಮತ್ತೊಂದು ಬಾರಿಸಿದಳು. ಸವಿತಾಳ ಮುಷ್ಟಿ ಬಿಗಿಯಿತು. ಅವಳು ಕಣ್ಣು ಮುಚ್ಚಿಕೊಂಡು ಉದ್ದಕ್ಕೆ ಉಸಿರು ಬಿಟ್ಟಳು. ಆಮೇಲೆ ಭಾಗ್ಯಳ ಹೆಗಲ ಸುತ್ತ ಕೈ ಹಾಕಿ, "ಮೊದ್ಲು ಆಸ್ಪತ್ರೆಗೆ ಓಗನ ನಡಿ. ಆಮ್ಯಾಕ್ ಒಡಿವಂತೆ" ಎಂದಳು.

ಭಾಗ್ಯ ಕೆಲವು ವಾರ ಮನೆಯಲ್ಲಿದ್ದು, ಪರೀಕ್ಷೆಯಲ್ಲಿ ಮತ್ತೆ ಐದೂ ಪದ ಹೇಳಿ, ಡಾಕ್ಟರಮ್ಮನ ಒಪ್ಪಿಗೆ ಪಡೆದು ಅಂಕಣಕ್ಕೆ ಇಳಿದಳು. ಸವಿತಾಳ ಜೊತೆ ಮಾತು ಶುರುವಾಗಲು ಇನ್ನೂ ಸಮಯ ಹಿಡಿಯಿತು.

ನನ್ನ ಬೆರಳುಗಳು ಪೂರ್ತಿ ಮಡಚುವುದಿಲ್ಲ. ಅವಳಿಗೆ ಬಿಸಿಲು ಜೋರಾದ ದಿನ ತಲೆ ಎತ್ತಲಾಗುವುದಿಲ್ಲ. ಅಂಥ ದಿನಗಳಲ್ಲಿ ಬೆಳಿಗ್ಗೆಯೇ ಹೇಳಿಬಿಡುತ್ತಾಳೆ: "ಅಕ್ಕಾ, ಇವತ್ ನನ್ ಅತ್ರ ಬರ್ಬ್ಯಾಡ." ನಾನು ಹೋಗುವುದಿಲ್ಲ. ಸಂಜೆ ಬಿಸಿಲು ಇಳಿದ ಮೇಲೆ ಕೋಣೆಗೆ ಒಳಗಿನಿಂದ ಹಾಕಿಕೊಂಡ ಚಿಲಕ ತಾನೇ ತೆಗೆದು ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು, ಹಸಿವಾಗುತ್ತಿದೆ ಎನ್ನುತ್ತಾಳೆ. ತಟ್ಟೆ ಹಾಕುತ್ತೇನೆ.